ಡಿಸ್ಚಾರ್ಜ್ ಬೆಳಿಗ್ಗೆ ಬರುವ ಚೀಟಿ

ಸಾಯಲು ಯತ್ನಿಸಿ ಬದುಕುಳಿದವರನ್ನು ಈ ದೇಶದ ಕಾನೂನು ಬಹುಕಾಲ ಆರೋಪಿಗಳೆಂದೇ ಕಂಡಿತು. 1860ರ ದಂಡ ಸಂಹಿತೆಯ 309ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಸಜೆಯಿತ್ತು. 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು, 1996ರಲ್ಲಿ ಸಂವಿಧಾನ ಪೀಠ ಮತ್ತೆ ಎತ್ತಿಹಿಡಿಯಿತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈನಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಸೆಕ್ಷನ್ ಇಲ್ಲವೇ ಇಲ್ಲ.

ವಾರ್ಡಿನ ರೂಢಿಗೆ ಇದು ಇನ್ನೂ ತಟ್ಟಿಲ್ಲ. ಕೇಸ್‌ಶೀಟಿನ ಮೇಲೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ಮುದ್ರೆ ಬಿದ್ದೊಡನೆ ಮನೆಯವರು "ಗೊತ್ತಿಲ್ದೆ ಆಗೋಯ್ತು ಸಾರ್" ಎನ್ನುತ್ತಾರೆ. ಮನೋವೈದ್ಯರ ಅಭಿಪ್ರಾಯ ಕೇಳುವ ಚೀಟಿ ಹೊರಡುವುದು ಡಿಸ್ಚಾರ್ಜ್ ದಿನ. ಬಿಲ್ ಕಟ್ಟಿಯಾಗಿದೆ, ಬಟ್ಟೆ ಚೀಲಕ್ಕೆ ತುಂಬಿಯಾಗಿದೆ, ಆಟೊ ಹೊರಗೆ ಕಾಯುತ್ತಿದೆ. ಆ ಹತ್ತು ನಿಮಿಷದಲ್ಲಿ ಯಾರು ತಾನೇ ಮನಸ್ಸು ಬಿಚ್ಚಿಯಾರು?

ಚೀಟಿ ಹೋಗಬೇಕಾದದ್ದು ದಾಖಲಾದ ದಿನವೇ. ಮೊದಲು ನೋಡಬೇಕಾದದ್ದು ಪ್ರಜ್ಞೆ: ಇವತ್ತು ಯಾವ ವಾರ, ಇದು ಯಾವ ಜಾಗ, ಪಕ್ಕದಲ್ಲಿರುವವರು ಯಾರು. ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ಹೆಚ್ಚಾದರೆ ರೋಗಿ ಬಡಬಡಿಸುತ್ತಾರೆ, ಗಾಳಿಯಲ್ಲಿ ಏನನ್ನೋ ಹೆಕ್ಕುವಂತೆ ಬೆರಳಾಡಿಸುತ್ತಾರೆ. ಇದು ಮದ್ದಿನಿಂದಾದ ಗೊಂದಲ, ಮನೋರೋಗವೆಂದು ಬರೆದುಬಿಡುವುದು ತಪ್ಪು. ಕುಡಿಯುವ ಅಭ್ಯಾಸವಿದ್ದವರಲ್ಲಿ ಎರಡು-ಮೂರನೇ ದಿನದ ನಡುಕ, ಭ್ರಮೆಯೂ ಹೀಗೇ ದಾರಿ ತಪ್ಪಿಸುತ್ತದೆ. ತಲೆ ತಿಳಿಯಾದ ಮೇಲೆ ಮತ್ತೆ ನೋಡಬೇಕು.

ಆಮೇಲೆ ಜೊತೆಗಿರುವವರನ್ನು ಹೊರಗೆ ಕಳಿಸಬೇಕು. ಹೊಡೆದವರೇ ಮಂಚದ ಪಕ್ಕ ನಿಂತಿರಬಹುದು. "ಈಗ್ಲೂ ಸಾಯ್ಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಬೇಕು, ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಬದುಕುಳಿದದ್ದಕ್ಕೆ ಸಮಾಧಾನವೋ ಬೇಸರವೋ, ಹಿಂದೆಯೂ ಹೀಗಾಗಿತ್ತೆ, ಕುಡಿತ, ಸಾಲ, ಮನೆಯ ಜಗಳ, ಎಲ್ಲವನ್ನೂ ಕೇಳಬೇಕು. ಗಾಯ ಸಣ್ಣದಿದ್ದರೆ ಅಪಾಯವೂ ಸಣ್ಣದು ಎಂಬ ಲೆಕ್ಕ ಇಲ್ಲಿ ನಡೆಯದು.

ಮನೆಯವರಿಗೆ ಹೇಳಬೇಕಾದದ್ದು ಬೇರೆ. ಕೀಟನಾಶಕ, ಮಾತ್ರೆಗಳು ಬೀಗದೊಳಗಿರಲಿ, ಕೀಲಿ ಇನ್ನೊಬ್ಬರ ಬಳಿ ಇರಲಿ. ಹೊಸ ಮಾತ್ರೆಯನ್ನೂ ಒಂದು ವಾರಕ್ಕಾಗುವಷ್ಟೇ ಬರೆದುಕೊಡುವುದು ಕ್ಷೇಮ.

ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ಊರುಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದ್ದು ಇಷ್ಟೇ: ಆಸ್ಪತ್ರೆಯಲ್ಲಿ ಒಂದು ಗಂಟೆ ಮಾತು, ಆಮೇಲಿನ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನ್ ಅಥವಾ ಭೇಟಿ. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ ಇವರಲ್ಲಿ ಶೇ 0.2. ಡಿಸ್ಚಾರ್ಜ್ ಹಾಳೆಯಲ್ಲಿ ಹೊಲಿಗೆ ಬಿಚ್ಚುವ ದಿನಾಂಕದ ಕೆಳಗೆ ಮನೋವೈದ್ಯರನ್ನು ಕಾಣುವ ದಿನಾಂಕ, ಫೋನ್ ಮಾಡುವವರ ಹೆಸರು, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416, ಮೂರಕ್ಕೂ ಒಂದೊಂದು ಸಾಲು ಸಾಕು.