ಕಾಕಾನ 486ಕ್ಕೆ ಎಷ್ಟು ದೊಡ್ಡ ಡಿಸ್ಕ್ ಬೇಕು?

ಬಾಗಲಕೋಟೆಯ ನವನಗರದಲ್ಲಿ ವಿಳಾಸ ಕೇಳಿದರೆ ಜನ ಮೊದಲು ಸೆಕ್ಟರ್ ನಂಬರ್ ಹೇಳುತ್ತಾರೆ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಹಳೇ ಊರಿನವರಿಗಾಗಿ ಕಟ್ಟಿದ ಊರಿದು. ನಮ್ಮ ಕಾಕಾ ಆಗ ಗಂಟುಮೂಟೆಯ ಜೊತೆ ತಮ್ಮ 486 ಕಂಪ್ಯೂಟರನ್ನೂ ಇಲ್ಲಿಗೆ ತಂದರು. ಹೋದ ತಿಂಗಳು ಅದರ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಂಡು ನಿಂತುಹೋಯಿತು.

"ಮನ್ಯಾಗ ಇನ್ನೊಂದು 40 ಜಿಬಿ ಡಿಸ್ಕ್ ಐತಲ್ಲ, ಅದನ್ನ ಹಾಕಪಾ" ಎಂದರು ಕಾಕಾ. ಕೇಬಲ್ ಅದೇ, 40 ಪಿನ್ನಿನ ಐಡಿಇ, ಅಂದರೆ ಹಳೇ ಪಿಸಿಗಳಲ್ಲಿ ಡಿಸ್ಕನ್ನು ಜೋಡಿಸುತ್ತಿದ್ದ ಪದ್ಧತಿ. ಆದರೂ ಆಗುವುದಿಲ್ಲ.

ಕಾರಣ ವಿಳಾಸ. ಡಿಸ್ಕಿನಲ್ಲೂ ಸೆಕ್ಟರ್‌ಗಳಿವೆ, ಒಂದೊಂದರಲ್ಲಿ 512 ಬೈಟ್. ಒಂದು ಸೆಕ್ಟರ್ ಓದಬೇಕಾದರೆ ಹಳೇ ಪಿಸಿ ಮೂರು ಸಂಖ್ಯೆ ಹೇಳಬೇಕು: ಯಾವ ಸಿಲಿಂಡರ್ (ತಟ್ಟೆಗಳ ಮೇಲಿನ ಉಂಗುರದಂಥ ಸಾಲು), ಯಾವ ಹೆಡ್ (ತಟ್ಟೆಯನ್ನು ಓದುವ ಮುಳ್ಳು), ಅಲ್ಲಿ ಎಷ್ಟನೇ ಸೆಕ್ಟರ್. ಈ ವಿಳಾಸ ಎರಡು ಕೈ ದಾಟುತ್ತದೆ. ಮೊದಲು ಬಯೋಸ್, ಅಂದರೆ ಯಂತ್ರ ಶುರುವಾದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ. ಆಮೇಲೆ ಡಿಸ್ಕ್. ಇಬ್ಬರ ಫಾರ್ಮೂ ಬೇರೆ ಬೇರೆ. ಬಯೋಸ್ ಫಾರ್ಮಿನಲ್ಲಿ 1,024 ಸಿಲಿಂಡರ್, 256 ಹೆಡ್, 63 ಸೆಕ್ಟರ್ ತನಕ ಬರೆಯಬಹುದು. ಐಡಿಇ ಫಾರ್ಮಿನಲ್ಲಿ ಸಿಲಿಂಡರ್‌ಗೆ 65,536ರ ತನಕ, ಸೆಕ್ಟರ್‌ಗೆ 255ರ ತನಕ ಜಾಗವಿದೆ, ಆದರೆ ಹೆಡ್‌ಗೆ ಬರೀ 16. ಎರಡೂ ಫಾರ್ಮಿನಲ್ಲಿ ಹಿಡಿಸುವ ವಿಳಾಸ ಮಾತ್ರ ನಡೆಯುತ್ತದೆ, ಅಲ್ವಾ? ಹಾಗಾಗಿ ಪ್ರತಿ ಸಲವೂ ಚಿಕ್ಕ ಸಂಖ್ಯೆಯನ್ನೇ ಹಿಡಿಯಬೇಕು. 1,024 × 16 × 63 × 512. ಗುಣಿಸಿದರೆ 52,84,82,304 ಬೈಟ್, ಸುಮಾರು 528 ಎಂಬಿ. ಬಯೋಸ್ ಒಂದನ್ನೇ ನೋಡಿದರೆ 8.4 ಜಿಬಿ ತನಕ ಎಣಿಸುತ್ತದೆ. ಐಡಿಇ 137 ಜಿಬಿ ತನಕ. ಇಬ್ಬರೂ ಸೇರಿದಾಗ ಅರ್ಧ ಜಿಬಿ! ಈ ಲೆಕ್ಕ ಮೊದಲ ಸಲ ಕಾಗದದ ಮೇಲೆ ಮಾಡಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಆಮೇಲಿನ ಬಯೋಸ್‌ಗಳು ವಿಳಾಸವನ್ನು ತರ್ಜುಮೆ ಮಾಡಿ ಈ ಗೋಡೆ ದಾಟಿದವು. ಕಾಕಾನದು ಅದಕ್ಕಿಂತ ಹಳೆಯದು. ದೊಡ್ಡ ಡಿಸ್ಕ್ ಕಂಡರೆ ಇಂಥ ಕೆಲವು ಯಂತ್ರಗಳು ಶುರುವಿನಲ್ಲೇ ನಿಂತುಬಿಡುತ್ತವೆ.

ಸೆಕೆಂಡ್ ಹ್ಯಾಂಡ್ ಚಿಕ್ಕ ಡಿಸ್ಕ್ ಹುಡುಕಬಹುದಿತ್ತು. ಆದರೆ ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ನಾನು ಆರಿಸಿದ್ದು 512 ಎಂಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್. ಹಳೇ ಕ್ಯಾಮೆರಾಗಳಲ್ಲಿ ಇರುತ್ತಿತ್ತಲ್ಲ, ಅದೇ. ಅದಕ್ಕೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ, ಹಾಗಾಗಿ ನಡುವಿನ ಅಡಾಪ್ಟರಿನಲ್ಲಿ ಹೆಚ್ಚಾಗಿ ತಂತಿಗಳೇ ಇರುತ್ತವೆ. ತಿರುಗುವ ಭಾಗವೇ ಇಲ್ಲ. ಸತ್ತ ಡಿಸ್ಕನ್ನು ಮಾತ್ರ ಸುಮ್ನೆ ಬಿಚ್ಚಬೇಡಿ. ಒಳಗೆ ಹೆಡ್ಡಿಗೂ ತಟ್ಟೆಗೂ ನಡುವಿನ ಸಂದು ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲೂ ಇಲ್ಲ. ನಮ್ಮೂರ ಬೇಸಿಗೆಯ ಒಂದು ಕಣ ಧೂಳು ಅಲ್ಲಿ ಬಂಡೆಯಷ್ಟು ದೊಡ್ಡದು.

ಕೂಡಿಸುವ ಮುಂಚೆ ಮದರ್‌ಬೋರ್ಡಿನ ಬ್ಯಾಟರಿ ನೋಡಿ. ಬೆಸುಗೆ ಹಾಕಿದ ಪೀಪಾಯಿ ಆಕಾರದ ಬ್ಯಾಟರಿ ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಕಾಕಾನದು ಸೋರಲು ಶುರುವಾಗಿತ್ತು, ಮೊದಲು ಅದನ್ನು ಕಿತ್ತೆ. ಕೇಬಲ್ಲಿನ ಕೆಂಪು ಅಂಚು ಒಂದನೇ ಪಿನ್ನಿನ ಕಡೆಗಿರಲಿ, ಅಡಾಪ್ಟರಿನ ಜಂಪರ್ (ಎರಡು ಪಿನ್ ಕೂಡಿಸುವ ಚಿಕ್ಕ ಟೊಪ್ಪಿಗೆ) ಮಾಸ್ಟರ್, ಅಂದರೆ ಕೇಬಲ್ಲಿನ ಮೊದಲ ಡಿಸ್ಕ್, ಎಂಬಲ್ಲಿರಲಿ. ಬಯೋಸ್ ಸೆಟಪ್ಪಿನಲ್ಲಿ ಕಾರ್ಡಿನ ಮೂರು ಸಂಖ್ಯೆ ತುಂಬಿ, ಅವನ್ನೇ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಬ್ಯಾಟರಿ ಇಲ್ಲದಿದ್ದರೆ ಬಯೋಸ್ ಅವನ್ನು ಮರೆಯುತ್ತದೆ. ಆಮೇಲೆ ಡಾಸ್ ಫ್ಲಾಪಿಯಿಂದ ಎಫ್‌ಡಿಸ್ಕ್ (ಡಿಸ್ಕಿನಲ್ಲಿ ಪಾರ್ಟಿಷನ್, ಅಂದರೆ ಭಾಗ, ಮಾಡುವ ಪ್ರೋಗ್ರಾಂ), ಯಂತ್ರ ಅದರಿಂದಲೇ ಶುರುವಾಗಲೆಂದು ಪಾರ್ಟಿಷನ್ ಆ್ಯಕ್ಟಿವ್ ಮಾಡುವುದು, ಫಾರ್ಮ್ಯಾಟ್.

"ಸಪ್ಪಳನ ಇಲ್ಲಲ್ಲೋ, ನಡದೈತೇನು?" ಎಂದು ಕಾಕಾ ಪೆಟ್ಟಿಗೆಗೆ ಕಿವಿ ಹಚ್ಚಿದರು. ಪರದೆಯ ಮೇಲೆ ಸಿ ಪ್ರಾಂಪ್ಟ್ ಮಿನುಗುತ್ತಿತ್ತು. ಅವರು ಅಲಮಾರಿಯಿಂದ ಅಂಗಡಿ ಲೆಕ್ಕದ ಫ್ಲಾಪಿಗಳ ಡಬ್ಬಿ ತಂದು, ಮೊದಲನೆಯದನ್ನು ಒಳಗೆ ತಳ್ಳಿದರು.