ಮಕ್ಕಳು ಬೀಳುವ ನೆಲ ಎಷ್ಟು ಆಳ ಇರಬೇಕು?

ತುಮಕೂರಿನ ಹೊಸ ಬಡಾವಣೆಗಳಲ್ಲಿ ಮನೆಯಲ್ಲೇ ಡೇಕೇರ್ ನಡೆಸುವುದು ಈಗ ಸಾಮಾನ್ಯ. ಅಪ್ಪ ಅಮ್ಮ ಇಬ್ಬರೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ಇಲ್ಲಾ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಇರುತ್ತೆ, ಅಜ್ಜಿ ತಾತ ಊರಲ್ಲಿರುತ್ತಾರೆ. ಮಗುವನ್ನು ಎಲ್ಲಾದರೂ ಬಿಡಲೇಬೇಕು. ಡೇಕೇರ್ ನೋಡೋಕೆ ಹೋದವರು ಕ್ಯಾಮೆರಾ ಇದೆಯಾ, ಊಟಕ್ಕೆ ಏನು ಕೊಡುತ್ತಾರೆ, ಬಾತ್‌ರೂಮ್ ಕ್ಲೀನಾಗಿದೆಯಾ ಅಂತ ವಿಚಾರಿಸುತ್ತಾರೆ. ಜಾರುಬಂಡೆಯ ಕೆಳಗಿನ ನೆಲವನ್ನು ಮಾತ್ರ ಹೆಬ್ಬೆರಳಲ್ಲಿ ಒಮ್ಮೆ ಒತ್ತಿ, ‘ಮೆತ್ತಗಿದೆ’ ಅಂದುಕೊಂಡು ಬಿಟ್ಟುಬಿಡುತ್ತಾರೆ. ಡೇಕೇರ್ ನಡೆಸುವವರೂ ಅಂಗಡಿಯಲ್ಲಿ ಹಾಗೇ ಒತ್ತಿ ನೋಡಿ ತಂದಿರುತ್ತಾರೆ.

ದಯವಿಟ್ಟು ಈ ಹೆಬ್ಬೆರಳ ಪರೀಕ್ಷೆಯನ್ನು ನಂಬಬೇಡಿ. ಬೆರಳು ನಿಧಾನವಾಗಿ ಒತ್ತುತ್ತೆ, ಒಂದೆರಡು ಕೆಜಿ ಭಾರದಲ್ಲಿ. ಒಂದು ಮೀಟರ್ ಎತ್ತರದಿಂದ ಬಿದ್ದ ಮಗುವಿನ ತಲೆ ನೆಲಕ್ಕೆ ಬರೋದು ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ. ಆ ವೇಗ ಸೊನ್ನೆಗೆ ಇಳಿಯಬೇಕಲ್ಲ, ಅದಕ್ಕೆ ಒಂದಿಷ್ಟು ಜಾಗ ಬೇಕು. ಎಷ್ಟು ಜಾಗ ಸಿಗುತ್ತೆ ಅನ್ನೋದರ ಮೇಲೆ ಪೆಟ್ಟು ನಿಂತಿದೆ. ಬಣ್ಣ, ಬೆಲೆ, ಮೇಲ್ಮೈಯ ಮೆತ್ತನೆ, ಇವೆಲ್ಲ ಆಮೇಲಿನ ಮಾತು.

ನಮ್ಮ ಜಿಲ್ಲೆಯವರಿಗೆ ಇದನ್ನು ತೆಂಗಿನಕಾಯಿ ಇಟ್ಟುಕೊಂಡು ಹೇಳಿದರೆ ಚೆನ್ನ. ತಿಪಟೂರು, ತುರುವೇಕೆರೆ, ಗುಬ್ಬಿ ಕಡೆಯ ತೋಟಗಳಲ್ಲಿ 60 ಅಡಿ ಮರದಿಂದ ಕಾಯಿ ಬೀಳುತ್ತೆ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 65 ಕಿಲೋಮೀಟರ್ ಆಸುಪಾಸು. ಆದರೂ ಉತ್ತ ತೋಟದಲ್ಲಿ ಬಿದ್ದ ಕಾಯಿಯ ಚಿಪ್ಪು ಸಾಮಾನ್ಯವಾಗಿ ಒಡೆಯೋದಿಲ್ಲ. ಒಡೆಯದೇ ಇರೋದರಿಂದಲೇ ಅದನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಬಿಟ್ಟು, ಉಂಡೆ ಕೊಬ್ಬರಿ ಮಾಡೋಕೆ ಆಗುತ್ತೆ. ಚಿಪ್ಪಿನಲ್ಲಿ ಸಣ್ಣ ಬಿರುಕು ಇದ್ದರೂ ಒಳಗಿನ ಕೊಬ್ಬರಿ ಕೆಟ್ಟುಹೋಗುತ್ತೆ. ಈಗ ಅದೇ ಕಾಯಿಯ ಸಿಪ್ಪೆ ಸುಲಿದು, ದೇವಸ್ಥಾನದ ಮುಂದಿನ ಕಲ್ಲಿಗೆ ಈಡುಗಾಯಿ ಹೊಡೆಯಿರಿ. ಚೂರುಚೂರು. ಚಿಪ್ಪು ಅದೇ, ಗಟ್ಟಿತನವೂ ಅದೇ. ತೋಟದಲ್ಲಿ ನಾರಿನ ಸಿಪ್ಪೆ ಅಮುಕಿತು, ಉತ್ತ ಮಣ್ಣು ತಗ್ಗಿತು, ಚಿಪ್ಪು ಆ ಕೆಲವು ಸೆಂಟಿಮೀಟರ್ ಸಾಗುತ್ತಾ ಸಾಗುತ್ತಾ ನಿಂತಿತು. ಕಲ್ಲಿನ ಮೇಲೆ ಅದಕ್ಕೆ ಒಂದು ಮಿಲಿಮೀಟರ್ ದೂರವೂ ಸಿಗಲಿಲ್ಲ. ಮಗುವಿನ ತಲೆಗೆ ನಾರಿನ ಸಿಪ್ಪೆ ಇಲ್ಲ. ಹಾಗಾಗಿ ತಗ್ಗುವ ಕೆಲಸ ಪೂರ್ತಿ ನೆಲವೇ ಮಾಡಬೇಕು.

ಲೆಕ್ಕ ತುಂಬಾ ಸುಲಭ. ಬಿದ್ದ ಎತ್ತರವನ್ನು ನಿಲ್ಲೋಕೆ ಸಿಕ್ಕ ದೂರದಿಂದ ಭಾಗಿಸಿ, ತಲೆಗೆ ಸರಾಸರಿ ಎಷ್ಟು ಜಿ ಬಿತ್ತು ಅನ್ನೋದು ಸಿಗುತ್ತೆ. ಒಂದು ಜಿ ಅಂದರೆ ಭೂಮಿ ನಮ್ಮನ್ನು ಎಳೆಯುವಷ್ಟು ಬಲ. ಒಂದು ಮೀಟರ್‌ನಿಂದ ಬಿದ್ದು, ಚರ್ಮ ಕೂದಲು ಎಲ್ಲ ಸೇರಿ 5 ಮಿಲಿಮೀಟರ್‌ನಲ್ಲಿ ನಿಂತರೆ 200 ಜಿ. ಅದೇ ಎತ್ತರದಿಂದ ಬಿದ್ದು 5 ಸೆಂಟಿಮೀಟರ್‌ನಲ್ಲಿ ನಿಂತರೆ 20 ಜಿ. ಬಿದ್ದ ವೇಗ ಎರಡರಲ್ಲೂ ಒಂದೇ!

ಈ ವಿಷಯ ಯಾರಿಗೆ ಹೊಳೆಯಿತು ಅನ್ನೋ ಕಥೆಯೂ ಚೆನ್ನಾಗಿದೆ. ಹ್ಯೂ ಡಿಹೇವನ್ ಅನ್ನುವ ಅಮೆರಿಕದ ಯುವಕ ಮೊದಲನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಹಾರಿಸೋದು ಕಲಿಯುತ್ತಿದ್ದಾಗ ಅಪಘಾತವಾಯಿತು. ಅವನು ಬದುಕಿದ. ಹೇಗೆ ಬದುಕಿದೆ ಅನ್ನೋ ಪ್ರಶ್ನೆ ಅವನನ್ನು ಬಿಡಲಿಲ್ಲ. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ವಿವರಗಳನ್ನು ಹುಡುಕಿ ಹುಡುಕಿ ತೆಗೆದು, 1942ರಲ್ಲಿ ಪ್ರಕಟಿಸಿದ. ಅದರಲ್ಲಿ ಒಬ್ಬ ಹೆಂಗಸು ಹಲವು ಮಹಡಿ ಮೇಲಿಂದ ತೋಟದ ಸಡಿಲ ಮಣ್ಣಿನ ಮೇಲೆ ಬಿದ್ದಿದ್ದರು. ನೆಲ ಕೆಲವು ಇಂಚು ತಗ್ಗಿತ್ತು, ಅಷ್ಟೇ. ಆ ಇಂಚುಗಳೇ ಜೀವ ಉಳಿಸಿದ್ದು. ಪವಾಡ ಅಂತ ಜನ ಕೈಮುಗಿಯುತ್ತಿದ್ದ ಕಡೆ ಡಿಹೇವನ್ ಟೇಪ್ ಹಿಡಿದು ಅಳೆದ. ನನಗೆ ಇದಕ್ಕಿಂತ ದೊಡ್ಡ ವೈಜ್ಞಾನಿಕ ಮನೋಭಾವ ಕಾಣೋದಿಲ್ಲ.

ಆಮೇಲೆ ಜಾನ್ ಸ್ಟಾಪ್ ಬಂದರು, ಅಮೆರಿಕದ ವಾಯುಪಡೆಯ ವೈದ್ಯರು. 1954ರ ಡಿಸೆಂಬರ್ 10ರಂದು ರಾಕೆಟ್ ಕಟ್ಟಿದ ಹಳಿಬಂಡಿಯಲ್ಲಿ ತಾವೇ ಕೂತು, ಗಂಟೆಗೆ 1,000 ಕಿಲೋಮೀಟರ್ ದಾಟಿದ ವೇಗದಿಂದ 1.4 ಸೆಕೆಂಡಿನಲ್ಲಿ ನಿಂತರು. 46 ಜಿ ಅನುಭವಿಸಿ ಬದುಕಿದರು. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದವರು ತಲೆಬುರುಡೆ ಎಷ್ಟು ಜಿ ತಡೆಯುತ್ತೆ, ಎಷ್ಟು ಹೊತ್ತು ತಡೆಯುತ್ತೆ ಅಂತ ಗೆರೆ ಎಳೆದರು. ಅದರಿಂದ ಕಾರುಗಳಿಗಾಗಿ ಹುಟ್ಟಿದ ಅಳತೆ ಎಚ್‌ಐಸಿ, ಅಂದರೆ ತಲೆಪೆಟ್ಟಿನ ಸೂಚ್ಯಂಕ. ಇದರಲ್ಲಿ ಜಿಯನ್ನು ಸುಮ್ನೆ ಕೂಡಿಸೋದಿಲ್ಲ, ಎರಡೂವರೆ ಘಾತಕ್ಕೆ ಏರಿಸಿ, ಪೆಟ್ಟು ಬಿದ್ದ ಸಮಯದಿಂದ ಗುಣಿಸುತ್ತಾರೆ. ಹಾಗಾಗಿ ಜಿ ಸ್ವಲ್ಪ ಏರಿದರೂ ಸೂಚ್ಯಂಕ ಹಾರಿಬಿಡುತ್ತೆ. ಆಟದ ಮೈದಾನದ ನೆಲಕ್ಕೆ ಅಮೆರಿಕ, ಯುರೋಪಿನ ಮಾನದಂಡಗಳು ಇಟ್ಟಿರುವ ಗರಿಷ್ಠ ಮಿತಿ 1,000. ಇದು ಕೊನೆಯ ಗೆರೆ, ಇದರ ಕೆಳಗೆ ಪೆಟ್ಟೇ ಆಗೋದಿಲ್ಲ ಅಂತ ಅರ್ಥ ಅಲ್ಲ.

ಮೇಲಿನ ಒಂದು ಮೀಟರ್ ಲೆಕ್ಕವನ್ನೇ ತಗೊಳ್ಳಿ. ವೇಗ ಒಂದೇ ಸಮನೆ ಕಡಿಮೆಯಾಗುತ್ತೆ ಅಂತ ಇಟ್ಟುಕೊಂಡರೆ, 5 ಮಿಲಿಮೀಟರ್‌ನಲ್ಲಿ ನಿಂತ ತಲೆಗೆ ಎಚ್‌ಐಸಿ 1,250 ದಾಟುತ್ತೆ. 5 ಸೆಂಟಿಮೀಟರ್‌ನಲ್ಲಿ ನಿಂತರೆ 40ರ ಹತ್ತಿರ. ದೂರ ಹತ್ತು ಪಟ್ಟು ಜಾಸ್ತಿಯಾಯಿತು, ಪೆಟ್ಟು ಮೂವತ್ತು ಪಟ್ಟು ಕಡಿಮೆಯಾಯಿತು. ಇನ್ನೊಂದು ಕಡೆಯಿಂದಲೂ ನೋಡಿ. ನಿಲ್ಲೋಕೆ ಸಿಗುವ ದೂರ ಅಷ್ಟೇ ಇದ್ದು ಬೀಳುವ ಎತ್ತರ ಎರಡು ಪಟ್ಟಾದರೆ ಸೂಚ್ಯಂಕ ನಾಲ್ಕು ಪಟ್ಟಾಗುತ್ತೆ. ಅಂದರೆ ಜಾರುಬಂಡೆಯ ಎತ್ತರ ಅರ್ಧಕ್ಕೆ ಇಳಿಸಿದರೆ ಪೆಟ್ಟು ಕಾಲು ಭಾಗಕ್ಕೆ ಇಳಿಯುತ್ತೆ, ಒಂದು ರೂಪಾಯಿ ಖರ್ಚಿಲ್ಲದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಐದಡಿ ಜಾರುಬಂಡೆ ಯಾಕೆ ಬೇಕು? ಅವರ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ ಮೇಲಿರುತ್ತೆ, ಬೀಳುವಾಗ ತಲೆಯೇ ಮುಂದೆ ಹೋಗುತ್ತೆ.

ಈಗ ಮಾಮೂಲಾಗಿ ಹಾಕುವ ನೆಲಗಳ ವಿಷಯ. ಇಂಟರ್‌ಲಾಕ್ ಟೈಲ್ಸ್ ಮತ್ತು ಸಿಮೆಂಟ್ ಬಗ್ಗೆ ಹೇಳೋದು ಏನೂ ಉಳಿದಿಲ್ಲ. ಅದರ ಮೇಲೆ ಹಾಸುವ ಒಂದು ಸೆಂಟಿಮೀಟರ್ ಫೋಮ್ ಮ್ಯಾಟ್ ಅಂಬೆಗಾಲಿಡುವ ಮಗುವಿಗೆ ಸರಿ, ಜಾರುಬಂಡೆಯ ಕೆಳಗೆ ಸಾಲದು. ಬಿದ್ದ ಭಾರಕ್ಕೆ ಅದು ಪೂರ್ತಿ ಚಪ್ಪಟೆಯಾಗುತ್ತೆ, ಆಮೇಲೆ ತಲೆ ಸೇರೋದು ಸಿಮೆಂಟಿಗೇ. ಪ್ಲಾಸ್ಟಿಕ್ ಹುಲ್ಲಿನದೂ ಇದೇ ಕಥೆ, ಅಡಿಯಲ್ಲಿ ದಪ್ಪ ಪ್ಯಾಡ್ ಇಲ್ಲದಿದ್ದರೆ. ಜೊತೆಗೆ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಪ್ಲಾಸ್ಟಿಕ್ ಹುಲ್ಲು ಮತ್ತು ಕಪ್ಪು ರಬ್ಬರ್ 60 ಡಿಗ್ರಿ ದಾಟಬಹುದು, ಪುಟ್ಟ ಪಾದದ ಚರ್ಮ ಅಷ್ಟು ಬಿಸಿ ತಡೆಯೋದಿಲ್ಲ. ರಬ್ಬರ್ ಟೈಲ್ ಒಳ್ಳೆಯದೇ, ದಪ್ಪ ಇದ್ದರೆ, ನೆರಳಲ್ಲಿ ಹಾಕಿದರೆ. ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ‘ಎಷ್ಟು ಎತ್ತರದಿಂದ ಬಿದ್ದರೆ ತಡೆಯುತ್ತೆ ಅಂತ ಪರೀಕ್ಷೆ ಮಾಡಿದ ಕಾಗದ ಇದೆಯಾ?’ ಯುರೋಪಿನ ಇಎನ್ 1177, ಅಮೆರಿಕದ ಎಎಸ್‌ಟಿಎಂ ಎಫ್ 1292, ಈ ಎರಡು ಮಾನದಂಡಗಳಲ್ಲಿ ಒಂದರ ಹೆಸರು ಅದರಲ್ಲಿ ಇರಬೇಕು. ಕಾಗದ ಇಲ್ಲದಿದ್ದರೆ ನೀವು ಕೊಳ್ಳುತ್ತಿರೋದು ಬಣ್ಣ ಮಾತ್ರ.

‘ನಾವೆಲ್ಲ ಮಣ್ಣಲ್ಲೇ ಬಿದ್ದು ಬೆಳೆದಿಲ್ವಾ’ ಅನ್ನುವವರಿಗೆ ಉತ್ತರ ಹೇಳಬೇಕು. ನೀವು ಬಿದ್ದಿದ್ದು ನಿಂತ ಎತ್ತರದಿಂದ, ಓಡುವಾಗ. ಅಂಗಳದಲ್ಲಿ ನಾಲ್ಕಡಿ ಕಬ್ಬಿಣದ ಏಣಿ ಇರಲಿಲ್ಲ. ಇನ್ನು ನಮ್ಮ ಕೆಂಪು ಮಣ್ಣು ಏನಾಗುತ್ತೆ ಅಂತ ರಾಗಿ ಕಣ ಮಾಡಿದವರನ್ನು ಕೇಳಿ. ನೀರು ಹಾಕಿ, ತುಳಿದು, ಸಗಣಿ ಸಾರಿಸಿ ಒಣಗಿಸಿದರೆ ಅದೇ ಮಣ್ಣಿನ ಮೇಲೆ ಕಲ್ಲಿನ ಗುಂಡು ಉರುಳಿಸಿ ರಾಗಿ ಬಡಿಯಬಹುದು. ಇಪ್ಪತ್ತು ಮಕ್ಕಳು ದಿನಾ ತುಳಿಯುವ ಹಿತ್ತಲು ಕೂಡ ನಾಲ್ಕೈದು ತಿಂಗಳಲ್ಲಿ ಹೀಗೇ ಕಣವಾಗುತ್ತೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿ ಮಣ್ಣು ಮತ್ತು ಹುಲ್ಲು ಎರಡನ್ನೂ ಜಾರುಬಂಡೆಯ ಕೆಳಗೆ ರಕ್ಷಣೆ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಓಡಿಯಾಡುವ ಜಾಗಕ್ಕೆ ಹುಲ್ಲು ಚೆನ್ನಾಗಿರುತ್ತೆ, ಅಲ್ಲಿ ಹಾಕಿ.

ಅದೇ ಕೈಪಿಡಿಯ ಪ್ರಕಾರ 9 ಇಂಚು ಮರಳು 4 ಅಡಿ ಎತ್ತರದ ಬೀಳುವಿಕೆಗೆ ಸಾಕು. 9 ಇಂಚು ಮರದ ಚಕ್ಕೆ 10 ಅಡಿಗೆ. ಹಾಗಾದರೆ ಚಕ್ಕೆಯೇ ಉತ್ತಮ ಅಂತ ಅನಿಸುತ್ತೆ ಅಲ್ವಾ? ತಲೆಗೆ ಹೌದು. ಆದರೆ ಟೊರೊಂಟೊ ಶಾಲೆಗಳಲ್ಲಿ ಮರಳು ಮತ್ತು ಮರದ ನಾರಿನ (ಚಕ್ಕೆಯಂಥದ್ದೇ, ಮರವನ್ನು ಸಣ್ಣಗೆ ಸಿಗಿದು ಮಾಡಿದ್ದು) ನೆಲವನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎತ್ತರದಿಂದ ಬಿದ್ದು ಕೈ ಮುರಿದುಕೊಳ್ಳೋದು ಮರದ ನಾರಿನ ಮೇಲೆ ಸುಮಾರು ಐದು ಪಟ್ಟು ಜಾಸ್ತಿ ಇತ್ತು. ಬೀಳುವ ಮಗು ಕೈ ಮುಂದೆ ಚಾಚುತ್ತೆ. ಮರಳಿನಲ್ಲಿ ಆ ಕೈ ಜಾರಿ ಮುಂದೆ ಹೋಗುತ್ತೆ, ಮರದ ನಾರಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತೆ. ಇಲ್ಲೂ ಮತ್ತೆ ಅದೇ ನಿಯಮ, ನಿಲ್ಲುವ ದೂರ. ಜೊತೆಗೆ ನಮ್ಮ ಕಡೆ ನೀಲಗಿರಿ ಚಕ್ಕೆ ಹಾಕಿದರೆ ಗೆದ್ದಲು ಹಿಡಿಯುತ್ತೆ. ಮಕ್ಕಳು ಆಡುವ ಕಡೆ ಗೆದ್ದಲು ಔಷಧಿ ಹೊಡೆಯೋ ಹಾಗಿಲ್ಲ. ನಾಲ್ಕಡಿಯೊಳಗಿನ ಆಟಿಕೆ ಇರುವ ಮನೆ ಡೇಕೇರ್‌ಗೆ ನನ್ನ ಆಯ್ಕೆ ಮರಳೇ.

ಯಾವ ಮರಳು ಅನ್ನೋದರಲ್ಲೇ ತುಂಬಾ ಜನ ಎಡವುತ್ತಾರೆ. ಎಂ-ಸ್ಯಾಂಡ್ ಬೇಡ. ಅದು ಕಲ್ಲು ಒಡೆದು ಮಾಡಿದ್ದು, ಕಾಳುಗಳಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗಿ ಕೂರುತ್ತವೆ. ಕಾಂಕ್ರೀಟಿಗೆ ಅದೇ ಗುಣ ಬೇಕು, ಮಗುವಿಗೆ ಬೇಡ. ಅದರ ಪುಡಿ ಎದ್ದು ಉಸಿರಿಗೂ ಹೋಗುತ್ತೆ. ಕೆರೆಮಣ್ಣು ತೊಳೆದು ಮಾಡಿದ ಫಿಲ್ಟರ್ ಮರಳಿನಲ್ಲಿ ಜೇಡಿ ಉಳಿದಿರುತ್ತೆ, ಒಂದು ಮಳೆ ಬಿದ್ದು ಒಣಗಿದರೆ ಹೆಪ್ಪುಗಟ್ಟುತ್ತೆ. ಬೇಕಾದ್ದು ದುಂಡಗಿನ ಕಾಳಿನ, ಚೆನ್ನಾಗಿ ತೊಳೆದ ಮರಳು. ಪರ್ಮಿಟ್ ಇರುವ ಲೋಡೇ ತರಿಸಿ. ಮೇಸ್ತ್ರಿಗಳು ಮಾಡುವ ಪರೀಕ್ಷೆಯನ್ನೇ ಮಾಡಿ: ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು ಹಾಕಿ ಅಲ್ಲಾಡಿಸಿ ಬಿಡಿ. ಮರಳಿನ ಮೇಲೆ ದಪ್ಪ ಮಣ್ಣಿನ ಪದರ ಕೂತರೆ ಆ ಲೋಡು ವಾಪಸ್ ಕಳಿಸಿ.

ಒದ್ದೆ ಮರಳು ತಗ್ಗೋದಿಲ್ಲ ಅನ್ನೋದೂ ನೆನಪಿರಲಿ. ಕಾಳುಗಳ ನಡುವಿನ ನೀರು ಅವನ್ನು ಹಿಡಿದು ಕೂರಿಸುತ್ತೆ. ಅದಕ್ಕೇ ಅಡಿಯಲ್ಲಿ ಜಲ್ಲಿ, ಅದರ ಮೇಲೆ ನೀರು ಇಳಿಯುವ ಬಟ್ಟೆ, ಆಮೇಲೆ ಮರಳು. ರಾತ್ರಿ ಟಾರ್ಪಾಲ್ ಮುಚ್ಚಿ, ಇಲ್ಲದಿದ್ದರೆ ಬೆಕ್ಕುಗಳು ಅದನ್ನೇ ಕಕ್ಕಸು ಮಾಡಿಕೊಳ್ಳುತ್ತವೆ, ಅದರಿಂದ ಮಕ್ಕಳಿಗೆ ಹುಳದ ಕಾಯಿಲೆ ಬರುತ್ತೆ. ಬೆಳಿಗ್ಗೆ ಟಾರ್ಪಾಲ್ ತೆಗೆದು ಒಮ್ಮೆ ಕೆದಕಿ ನೋಡಿ, ಚೇಳು ಗೀಳು ಇರಬಹುದು.

ಜಾಗದ ಲೆಕ್ಕ ಕಷ್ಟದ್ದು. ಜಾರುಬಂಡೆಯ ಸುತ್ತ ಎಲ್ಲಾ ಕಡೆ 6 ಅಡಿ ಮೆತ್ತನೆ ನೆಲ ಇರಬೇಕು. ಐದಡಿ ಉದ್ದ ಎರಡಡಿ ಅಗಲದ ಸಣ್ಣ ಜಾರುಬಂಡೆಗೇ 17 ಅಡಿಗೆ 14 ಅಡಿ ಬೇಕಾಗುತ್ತೆ. ಮೂವತ್ತು ನಲವತ್ತು ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಅಷ್ಟು ಜಾಗ ಎಲ್ಲಿ ಉಳಿಯುತ್ತೆ? ಉಳಿಯದಿದ್ದರೆ ಜಾರುಬಂಡೆ ಬಿಟ್ಟುಬಿಡಿ. ಮರಳಿನ ಗುಂಡಿ, ನೀರಿನ ಟಬ್ಬು, ಟಯರು, ಇವುಗಳಲ್ಲಿ ಮಕ್ಕಳು ಗಂಟೆಗಟ್ಟಲೆ ಆಡುತ್ತಾರೆ, ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಸಾಕು.

ನನಗೆ ನಿಜಕ್ಕೂ ಆತಂಕ ತರುವ ಮಾತು ಇನ್ನೊಂದಿದೆ. ‘ತಲೆ ಊದಿಕೊಂಡರೆ ಒಳ್ಳೇದು, ಪೆಟ್ಟು ಹೊರಗೆ ಬಂತು, ಊದದಿದ್ದರೆ ಒಳಪೆಟ್ಟು.’ ಈ ನಂಬಿಕೆ ತಪ್ಪು. ಎರಡು ವರ್ಷದೊಳಗಿನ ಮಗುವಿಗೆ ತಲೆಯ ಪಕ್ಕದಲ್ಲೋ ಹಿಂದೆಯೋ ಮೆತ್ತನೆಯ ಊತ ಬಂದರೆ, ಕೆಳಗೆ ಬುರುಡೆ ಬಿರುಕು ಬಿಟ್ಟಿರುವ ಸಾಧ್ಯತೆ ಜಾಸ್ತಿ ಅಂತ ವೈದ್ಯರು ನೋಡುತ್ತಾರೆ. ಅಂಥ ಊತ ಇದ್ದರೆ, ಅಥವಾ ವಾಂತಿ, ಮಂಪರು, ಎಬ್ಬಿಸಿದರೂ ಸರಿಯಾಗಿ ಏಳದಿರೋದು, ಫಿಟ್ಸ್, ಕಿವಿ ಮೂಗಿನಿಂದ ತಿಳಿನೀರು ಅಥವಾ ರಕ್ತ, ಇವುಗಳಲ್ಲಿ ಯಾವುದೇ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ದೃಷ್ಟಿ ತೆಗೆಯೋದು, ಅರಿಶಿನ ಮೆತ್ತೋದು, ಅಪ್ಪ ಅಮ್ಮ ಬರಲಿ ಅಂತ ಕಾಯೋದು, ಇವುಗಳಲ್ಲಿ ಹೋಗುವ ಅರ್ಧ ಗಂಟೆ ಮಗುವಿನ ಅರ್ಧ ಗಂಟೆ. ಡೇಕೇರ್‌ನವರು ಭಯಪಟ್ಟು ಬಿದ್ದ ವಿಷಯ ಮುಚ್ಚಿಡಬಾರದು, ಪೋಷಕರೂ ಹೇಳಿದವರ ಮೇಲೆ ರೇಗಬಾರದು.

ಇನ್ನು ಹಾಕಿದ ಮರಳನ್ನು ನೋಡಿಕೊಳ್ಳುವ ಕೆಲಸ. 9 ಇಂಚು ಬೇಕು ಅಂದರೆ 12 ಇಂಚು ತುಂಬಿಸಿ, ಅದು ಕೂತು ತಗ್ಗುತ್ತೆ. ಹತ್ತಡಿಗೆ ಹತ್ತಡಿ ಜಾಗಕ್ಕೆ 100 ಘನ ಅಡಿ, ತೂಕದಲ್ಲಿ ಸುಮಾರು ನಾಲ್ಕೂವರೆ ಟನ್. ಜಾರುಬಂಡೆಯ ಕಂಬಕ್ಕೆ 9 ಇಂಚಿನ ಮಟ್ಟದಲ್ಲಿ ಪೇಂಟಿನ ಗೆರೆ ಹಾಕಿ. ಮಕ್ಕಳು ಇಳಿಯುವ ತುದಿಯಲ್ಲಿ ಮರಳು ಬೇಗ ಸರಿದುಹೋಗುತ್ತೆ, ಜಾಸ್ತಿ ಬೀಳೋದೂ ಅಲ್ಲೇ. ದಿನಾ ಬೆಳಿಗ್ಗೆ ಅಲ್ಲಿಗೆ ಎಳೆದು ಹಾಕಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ಗುದ್ದಲಿಯಲ್ಲಿ ಅಡಿಯ ತನಕ ತಿರುವಿ ಹಾಕಿ. ಹೆಂಟೆ ಸಿಕ್ಕರೆ ಮಣ್ಣು ಸೇರಿದೆ ಅಂತ ಅರ್ಥ, ಆ ಭಾಗದ ಮರಳನ್ನು ತೆಗೆದು ಹೊಸದು ಹಾಕಿಸಿ.