ಹಸಿದ ಕೋಶ ತನ್ನನ್ನೇ ತಿನ್ನುವಾಗ

ಏಕಾದಶಿ ಹತ್ತಿರ ಬಂದರೆ ಸಾಕು, ವಾಟ್ಸಾಪಿನಲ್ಲಿ ಒಂದು ಮೆಸೇಜ್ ಓಡಾಡುತ್ತದೆ. ಉಪವಾಸ ಮಾಡಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವಂತೆ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದಿದೆಯಂತೆ. ನೊಬೆಲ್ ಬಂದದ್ದು ನಿಜ, 2016ರಲ್ಲಿ, ಯೋಶಿನೋರಿ ಓಸುಮಿ ಅವರಿಗೆ. ಆದರೆ ಅವರು ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನು. ಬ್ರೆಡ್ ಉಬ್ಬಿಸುತ್ತದಲ್ಲ, ಅದೇ.

ಆಹಾರ ಸಿಗದ ಕೋಶ ತನ್ನೊಳಗಿನ ಹಳೆಯ, ಕೆಟ್ಟುಹೋದ ಭಾಗಗಳನ್ನು ಪೊರೆಯ ಚೀಲದಲ್ಲಿ ಕಟ್ಟುತ್ತದೆ. ಆ ಚೀಲ ಲೈಸೊಸೋಮ್ ಎಂಬ ಇನ್ನೊಂದು ಚೀಲದ ಜೊತೆ ಸೇರಿಕೊಳ್ಳುತ್ತದೆ. ಅಲ್ಲಿರುವುದು ಹುಳಿ, ಅಂದರೆ ಆಮ್ಲ, ಮತ್ತು ಕರಗಿಸುವ ಕಿಣ್ವಗಳು. ಒಳಗಿದ್ದುದೆಲ್ಲ ಕರಗಿ ಮತ್ತೆ ಬಳಕೆಗೆ ಬರುತ್ತದೆ. ಇದೇ ಆಟೋಫ್ಯಾಗಿ.

ಇದು ಯಾವಾಗ ಶುರುವಾಗಬೇಕು ಅಂತ ತೀರ್ಮಾನಿಸುವವರು ಯಾರು? ಮುಖ್ಯವಾಗಿ ಎಂಟಾರ್, ಎಎಂಪಿಕೆ ಎಂಬ ಎರಡು ಪ್ರೋಟೀನ್‌ಗಳು. ಅಮೈನೊ ಆಮ್ಲ, ಇನ್ಸುಲಿನ್ ಎಲ್ಲ ಸಾಕಷ್ಟು ಇದ್ದಾಗ ಎಂಟಾರ್ ಚುರುಕಾಗಿರುತ್ತದೆ. ಅದು ಯುಎಲ್‌ಕೆ1 ಎಂಬ ಮತ್ತೊಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಸುಮ್ನೆ ಕೂರಿಸುತ್ತದೆ. ಶಕ್ತಿ ಕಡಿಮೆಯಾದರೆ ಎಎಂಪಿಕೆ ಏಳುತ್ತದೆ. ಅದೂ ಯುಎಲ್‌ಕೆ1ಗೆ ಅಂಟಿಸುವುದು ಫಾಸ್ಫೇಟನ್ನೇ, ಆದರೆ ಬೇರೆ ಜಾಗದಲ್ಲಿ. ಅಷ್ಟಕ್ಕೇ ಯುಎಲ್‌ಕೆ1 ಎದ್ದು ಆಟೋಫ್ಯಾಗಿ ಶುರುಮಾಡುತ್ತದೆ! ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಕ್ಯಾನ್ಸರ್ ವಿಷಯಕ್ಕೆ ಬಂದರೆ ಲೆಕ್ಕ ಜಟಿಲವಾಗುತ್ತದೆ. ಆಟೋಫ್ಯಾಗಿಗೆ ಬೇಕಾದ ಬೆಕ್ಲಿನ್-1 ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ತೆಗೆದ ಇಲಿಗಳಲ್ಲಿ ಗಡ್ಡೆಗಳು ಜಾಸ್ತಿಯಾದವು ಎಂದು 2003ರಲ್ಲಿ ಗೊತ್ತಾಯಿತು. ಕಸ ತೆಗೆಯದಿದ್ದರೆ ಹಾಳಾದ ಮೈಟೊಕಾಂಡ್ರಿಯಗಳು (ಕೋಶಕ್ಕೆ ಶಕ್ತಿ ತಯಾರಿಸುವ ಭಾಗಗಳು) ಉಳಿದು ಡಿಎನ್‌ಎಯನ್ನೂ ಕೆಡಿಸುತ್ತವೆ. ಅಂದರೆ ಆಟೋಫ್ಯಾಗಿ ನಮ್ಮ ಕಾವಲುಗಾರ, ಅಲ್ವಾ?

ಗಡ್ಡೆ ಒಮ್ಮೆ ಬೆಳೆದ ಮೇಲೆ ಹಾಗಲ್ಲ. ಅದರ ನಡುಭಾಗಕ್ಕೆ ರಕ್ತ ಸರಿಯಾಗಿ ತಲುಪುವುದಿಲ್ಲ. ಆಮ್ಲಜನಕವೂ ಕಡಿಮೆ, ಊಟವೂ ಕಡಿಮೆ. ಆಗ ಕ್ಯಾನ್ಸರ್ ಕೋಶ ತನ್ನನ್ನೇ ತಿಂದು ಬದುಕುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಂತೂ ಈ ಅವಲಂಬನೆ ಜೋರು. ಉಪವಾಸದ ಮೆಸೇಜು ಬಿಟ್ಟುಬಿಡುವುದು ಈ ಅರ್ಧವನ್ನೇ.

ಹಾಗಾದರೆ ಗಡ್ಡೆಯ ಆಟೋಫ್ಯಾಗಿಯನ್ನೇ ತಡೆದರೆ? ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಲೈಸೊಸೋಮಿನ ಹುಳಿ ಇಳಿಸಿ, ಕರಗಿಸುವ ಕೆಲಸವನ್ನು ಕೆಡಿಸುತ್ತದೆ. ಅದರ ಸಂಬಂಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದನ್ನೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ ಹೆಚ್ಚೇನೂ ಫಲ ಸಿಗಲಿಲ್ಲ. ಇನ್ನೊಂದು ದಾರಿ 2019ರಲ್ಲಿ ಕಂಡಿತು. ಈ ಕ್ಯಾನ್ಸರನ್ನು ಬೆಳೆಸುವ ರ‍್ಯಾಸ್ ಎಂಬ ಪ್ರೋಟೀನಿನ ಸಂಕೇತದ ಹಾದಿಯನ್ನು ಔಷಧಿಯಿಂದ ತಡೆದರೆ ಎಎಂಪಿಕೆ, ಯುಎಲ್‌ಕೆ1 ಎದ್ದು, ಕೋಶ ತನ್ನನ್ನು ಇನ್ನಷ್ಟು ತಿನ್ನತೊಡಗುತ್ತದೆ. ಆ ಹೊತ್ತಿಗೇ ಲೈಸೊಸೋಮನ್ನೂ ಕೆಡಿಸಿದಾಗ, ಇಲಿಗಳಲ್ಲಿ ಗಡ್ಡೆ ಕುಗ್ಗಿತು.